ಲೈಟ್ ಹಾಕಿದ ಕೂಡಲೇ ಟಿವಿ ರಿಮೋಟ್ ಕೈಕೊಡುತ್ತೆ: ಇದು ರೇಡಿಯೋ ಇಂಟರ್‌ಫಿಯರೆನ್ಸಾ?

ನಡುಮನೆ · ಶನಿವಾರ ಸಂಜೆ 7:12

ಊರು ಶಿವಮೊಗ್ಗ. ಗೋಡೆಗೆ 43 ಇಂಚಿನ ಎಲ್‌ಇಡಿ ಟಿವಿ, ಕೆಳಗೆ ಡಿಟಿಎಚ್ ಬಾಕ್ಸ್, ಟಿವಿ ಹಿಂದೆ ಎಚ್‌ಡಿಎಂಐಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್, ಒಂದು ಗೇಣು ಪಕ್ಕದಲ್ಲಿ ಫೈಬರ್ ರೌಟರ್. ತೊಂದರೆಗಳು ಇಷ್ಟು: ಸಂಜೆ ಹಾಲ್‌ನಲ್ಲಿ ದೀಪ ಹಾಕಿದ ಮೇಲೆ ಟಿವಿ ರಿಮೋಟ್ ಒಂದು ಮೀಟರ್ ಹತ್ತಿರ ಹೋದರೆ ಮಾತ್ರ ಕೇಳುತ್ತೆ, ಹಗಲು ಸೋಫಾದಿಂದಲೇ ಸಲೀಸು. ಸ್ಟಿಕ್‌ನ ರಿಮೋಟ್ ಒತ್ತಿದ್ದು ತಡವಾಗಿ ತಲುಪುತ್ತೆ, ಆಮೇಲೆ ಒತ್ತಿದ್ದೆಲ್ಲ ಒಟ್ಟಿಗೆ ಓಡುತ್ತೆ. ಮಳೆ ಹಿಡಿದ ದಿನ ಟಿವಿ ವಾಲ್ಯೂಮ್ ತಾನಾಗೇ ಏರುತ್ತೆ.

ಹಿಂದಿನ ಬೀದಿಯಲ್ಲಿ ಮೊಬೈಲ್ ಟವರ್ ಇದೆ. ಬ್ಯಾಟರಿ ಹೊಸದು. ಕರೆಂಟ್ ವೈರಿಗೆ ಗದ್ದಲ ತಡೆಯೋ ಫೆರೈಟ್ ಉಂಗುರ ಹಾಕಿದರೆ ಸರಿಹೋಗುತ್ತಾ? ಟಿವಿ ಹಿಂದೆ ಫಾಯಿಲ್ ಅಂಟಿಸಿ ಅಂತಾನೂ ಕೆಲವರು ಹೇಳ್ತಿದಾರೆ.

ಬೆಸುಗೆಕಡ್ಡಿ · 7:40

ಸಾರ್, ಟವರ್ ಬಿಟ್ಟುಬಿಡಿ. ನೀವು ಬರೆದಿರೋದು ಒಂದು ಕಾಯಿಲೆ ಅಲ್ಲ, ಮೂರು. ಮೂರಕ್ಕೂ ಇಂಟರ್‌ಫಿಯರೆನ್ಸ್ ಅಂತ ಒಂದೇ ಹೆಸರಿಟ್ಟರೆ ಮದ್ದು ಸಿಗಲ್ಲ.

ಟಿವಿ ಮತ್ತು ಡಿಟಿಎಚ್ ರಿಮೋಟ್ ಸಾಮಾನ್ಯವಾಗಿ ರೇಡಿಯೋನೇ ಅಲ್ಲ, ಬೆಳಕು. 940 ನ್ಯಾನೋಮೀಟರ್ ಸುತ್ತಲಿನ ಇನ್‌ಫ್ರಾರೆಡ್ ಎಲ್‌ಇಡಿ ಸೆಕೆಂಡಿಗೆ 38 ಸಾವಿರ ಸಲ ಮಿನುಗುತ್ತೆ. ಆ ಮಿನುಗಿನ ಗೊಂಚಲುಗಳ ನಡುವಿನ ಬಿಡುವಿನಲ್ಲಿ ಕೋಡ್ ಇರುತ್ತೆ. ಸ್ಟಿಕ್‌ನ ವಾಯ್ಸ್ ರಿಮೋಟ್ ಬ್ಲೂಟೂತ್, ಅಂದರೆ 2.4 ಗಿಗಾಹರ್ಟ್ಜ್ ರೇಡಿಯೋ. ಅದರಲ್ಲೂ ಪವರ್ ಮತ್ತು ವಾಲ್ಯೂಮ್ ಬಟನ್ ಹೆಚ್ಚಾಗಿ ಇನ್‌ಫ್ರಾರೆಡ್ಡೇ, ಟಿವಿಗೆ ಹೋಗಬೇಕಲ್ಲ.

ಯಾವುದು ಯಾವುದು ಅಂತ ನೋಡೋಕೆ: ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ ರಿಮೋಟ್ ಮೂತಿ ತೋರಿಸಿ ಬಟನ್ ಒತ್ತಿ. ನೇರಳೆ ಅಥವಾ ಬಿಳಿ ಚುಕ್ಕಿ ಮಿನುಗಿದರೆ ಆ ಬಟನ್ ಇನ್‌ಫ್ರಾರೆಡ್. ಹಿಂದಿನ ಕ್ಯಾಮೆರಾದಲ್ಲಿ ನೋಡಬೇಡಿ, ಬಹಳಷ್ಟು ಫೋನ್‌ಗಳಲ್ಲಿ ಅದಕ್ಕೆ ಇನ್‌ಫ್ರಾರೆಡ್ ತಡೆಯೋ ಗಾಜು ಇರುತ್ತೆ, ಚೆನ್ನಾಗಿರೋ ರಿಮೋಟ್ ಕೂಡ ಸತ್ತ ಹಾಗೆ ಕಾಣುತ್ತೆ. ಮೂತಿಗೆ ಫಾಯಿಲ್ ಸುತ್ತಿದರೂ ಕೆಲಸ ಮಾಡೋ ಬಟನ್ ರೇಡಿಯೋದ್ದು.

ಹಾಲ್‌ನಲ್ಲಿ ಎಂಥ ದೀಪ ಇದೆ ಅಂತ ಹೇಳಿ. ಮುಂದಿನದು ಅದರ ಮೇಲೆ ನಿಂತಿದೆ.

ನಡುಮನೆ · 7:58

ಗೋಡೆ ಬ್ರಾಕೆಟ್‌ನಲ್ಲಿ ಎರಡು ಹಳೇ ಸಿಎಫ್‌ಎಲ್. ಟಿವಿ ಹಿಂದೆ ಸುತ್ತಲೂ ಅಂಟಿಸಿದ ಎಲ್‌ಇಡಿ ಸ್ಟ್ರಿಪ್, 12 ವೋಲ್ಟ್ ಅಡಾಪ್ಟರ್, ಕಂಪನಿ ಹೆಸರಿಲ್ಲದ್ದು. ಎರಡನ್ನೂ ಸಂಜೆ ಒಟ್ಟಿಗೆ ಹಾಕ್ತೀವಿ. ಅಡಾಪ್ಟರ್, ಟಿವಿ, ಬಾಕ್ಸ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ.

ತರಂಗಾಂತರ · 8:21

ಎರಡೂ ಗುಮಾನಿಗೆ ತಕ್ಕವೇ, ಆದರೆ ಬೇರೆ ಬೇರೆ ಕಾರಣಕ್ಕೆ.

ಸಿಎಫ್‌ಎಲ್ ಒಳಗಿನ ಎಲೆಕ್ಟ್ರಾನಿಕ್ ಬ್ಯಾಲಸ್ಟ್ (ದೀಪ ಉರಿಸೋ ಸರ್ಕ್ಯೂಟ್) ಸುಮಾರು 20ರಿಂದ 60 ಕಿಲೋಹರ್ಟ್ಜ್‌ನಲ್ಲಿ ಓಡುತ್ತೆ. ಟಿವಿಯೊಳಗೆ ರಿಮೋಟ್ ಬೆಳಕು ಹಿಡಿಯೋ ರಿಸೀವರ್ ಕಿವಿಗೊಟ್ಟು ಕೂತಿರೋ 38 ಕಿಲೋಹರ್ಟ್ಜ್ ಈ ಹರವಿನ ನಡುವೆಯೇ ಬಿತ್ತು. ಟ್ಯೂಬಿನೊಳಗೆ ಪಾದರಸದ ಜೊತೆ ಆರ್ಗಾನ್ ಅನಿಲ ಇರುತ್ತೆ. ಆರ್ಗಾನ್ 811, 842, 912, 965 ನ್ಯಾನೋಮೀಟರ್‌ಗಳಲ್ಲಿ ಬೆಳಕು ಚೆಲ್ಲುತ್ತೆ, ಕೊನೆಯ ಎರಡಂತೂ 940ರ ಅಕ್ಕಪಕ್ಕದ ಮನೆ. ದೀಪ ತಣ್ಣಗಿರುವಾಗ ಪಾದರಸದ ಆವಿ ಕಡಿಮೆ, ಆರ್ಗಾನ್‌ನದೇ ಕಾರುಬಾರು. ಅದಕ್ಕೇ ಸಿಎಫ್‌ಎಲ್ ತೊಂದರೆ ಸ್ವಿಚ್ ಹಾಕಿದ ಮೊದಲ ಕೆಲವು ನಿಮಿಷ ಜೋರು, ದೀಪ ಬಿಸಿಯಾದ ಮೇಲೆ ಇಳಿಯುತ್ತೆ. ಪರದೆ ಹಿಂದೆ ಸಿಸಿಎಫ್‌ಎಲ್ ಅನ್ನೋ ಸಣ್ಣ ಟ್ಯೂಬ್‌ಲೈಟ್ ಇದ್ದ ಹಳೇ ಎಲ್‌ಸಿಡಿ ಟಿವಿಗಳು ಚಳಿಗಾಲದ ಬೆಳಗ್ಗೆ ಆನ್ ಆದ ತಕ್ಷಣ ರಿಮೋಟ್‌ಗೆ ಓಗೊಡದೆ ಇರೋದಕ್ಕೂ ಇದೇ ಕಾರಣ, ಅಲ್ಲಿ ಟಿವಿಯೇ ತನ್ನ ಕಿವಿಗೆ ತಾನು ಕೂಗಿಕೊಳ್ಳುತ್ತೆ.

ಬಿಳಿ ಎಲ್‌ಇಡಿಯದು ಇದಕ್ಕೆ ತದ್ವಿರುದ್ಧ. ನೀಲಿ ಎಲ್‌ಇಡಿ ಮೇಲೆ ಫಾಸ್ಫರ್ ಲೇಪ, ಅಷ್ಟೆ. 940ರ ಸುತ್ತ ಅದರ ಬೆಳಕು ಇಲ್ಲವೆನ್ನುವಷ್ಟು ಕಮ್ಮಿ. ಎಲ್‌ಇಡಿ ದೀಪದಿಂದ ರಿಮೋಟ್ ಕೆಟ್ಟರೆ ತಪ್ಪು ಬೆಳಕಿನದ್ದಲ್ಲ, ಅದರ ಡ್ರೈವರ್ ಅಥವಾ ಅಡಾಪ್ಟರ್ ವೈರಿನ ಮೂಲಕ ತಳ್ಳೋ ಕೊಳಕಿನದ್ದು, ಅಂದರೆ ವಿದ್ಯುತ್ ಗದ್ದಲದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ಸೆನ್ಸರ್‌ಗೆ ಮರೆ ಕಟ್ಟುತ್ತಾ ಕೂತರೆ ಸ್ಟ್ರಿಪ್‌ನ ತೊಂದರೆ ಕೂದಲಷ್ಟೂ ಕಮ್ಮಿಯಾಗಲ್ಲ.

ಬೆಸುಗೆಕಡ್ಡಿ · 8:50

ಬೆಳಕಾ, ವೈರಾ ಅಂತ ತೀರ್ಮಾನ ಮಾಡೋಕೆ ಒಂದು ಚಿಕ್ಕ ಸಾಧನ ಕಟ್ಟಿಕೊಳ್ಳಿ. ಟಿವಿ ಬಿಚ್ಚೋ ಮೊದಲು ಇದು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬೇಕಾಗಿರೋದು: ಟಿಎಸ್‌ಒಪಿ 38238 ಅನ್ನೋ ಇನ್‌ಫ್ರಾರೆಡ್ ರಿಸೀವರ್ ಒಂದು, ಎಎಎ ಸೆಲ್ ಎರಡು ಹೋಲ್ಡರ್ ಸಮೇತ, ಸಾದಾ ಕೆಂಪು ಎಲ್‌ಇಡಿ, 1 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್, 0.1 ಮೈಕ್ರೋಫ್ಯಾರಡ್ ಸೆರಾಮಿಕ್ (ಮೇಲೆ 104 ಅಂತ ಬರೆದಿರುತ್ತೆ).

ಗುಬ್ಬಿಯಂಥ ಉಬ್ಬು ನಿಮ್ಮ ಕಡೆಗಿದ್ದಾಗ ಎಡದಿಂದ ಮೊದಲ ಕಾಲು ಔಟ್‌ಪುಟ್, ನಡುವಿನದು ಗ್ರೌಂಡ್, ಮೂರನೆಯದು ಪ್ಲಸ್. ಬ್ಯಾಟರಿ ಪ್ಲಸ್‌ನಿಂದ 100 ಓಮ್ ಮೂಲಕ ಮೂರನೇ ಕಾಲಿಗೆ. ಎರಡೂ ಕೆಪ್ಯಾಸಿಟರ್ ಮೂರನೇ ಕಾಲಿಗೂ ನಡುಕಾಲಿಗೂ ಅಡ್ಡ, ಕಾಲುಗಳ ಬುಡದಲ್ಲೇ. ಎಲ್‌ಇಡಿಯ ಉದ್ದದ ಕಾಲು 1 ಕಿಲೋಓಮ್ ಮೂಲಕ ಬ್ಯಾಟರಿ ಪ್ಲಸ್‌ಗೆ, ಗಿಡ್ಡ ಕಾಲು ಔಟ್‌ಪುಟ್‌ಗೆ. ರಿಸೀವರ್‌ನ ಔಟ್‌ಪುಟ್ ಸುಮ್ಮನಿದ್ದಾಗ ಮೇಲಿರುತ್ತೆ, ಸಿಗ್ನಲ್ ಬಂದಾಗ ಕೆಳಗೆ ಎಳೆಯುತ್ತೆ. ಹಾಗಾಗಿ 38 ಕಿಲೋಹರ್ಟ್ಜ್ ಬೆಳಕು ಕಂಡಾಗ ಎಲ್‌ಇಡಿ ಹೊತ್ತಿಕೊಳ್ಳುತ್ತೆ. ಈ ರಿಸೀವರ್ 2.5 ವೋಲ್ಟ್‌ನಿಂದಲೇ ಓಡುತ್ತೆ, ಎರಡು ಹೊಸ ಸೆಲ್ ಸಾಕು.

ಇದನ್ನ ಟಿವಿ ಸೆನ್ಸರ್ ಇರೋ ಜಾಗದಲ್ಲೇ, ಅದೇ ದಿಕ್ಕಿಗೆ ಮುಖ ಮಾಡಿ ಹಿಡಿಯಿರಿ. ರಿಮೋಟ್ ಒತ್ತದೆ ದೀಪಗಳನ್ನ ಒಂದೊಂದಾಗಿ ಹಾಕಿ. ಎಲ್‌ಇಡಿ ಪಟಪಟ ಮಿನುಗಿದರೆ ಗಾಳಿಯಲ್ಲಿ ಕೆಟ್ಟ ಬೆಳಕಿದೆ. ಸಾಧನ ಬ್ಯಾಟರಿಯದ್ದು, ಮೇನ್ಸ್ (ಮನೆ ಕರೆಂಟ್) ಕೊಳಕು ವೈರಿನಲ್ಲಿ ಇದರೊಳಗೆ ಬರೋಕೆ ದಾರಿಯಿಲ್ಲ. ಇದು ತೆಪ್ಪಗಿದ್ದು ಟಿವಿ ಮಾತ್ರ ಕಿವುಡಾಗಿದ್ದರೆ ಟಿವಿ ಒಳಗಿನ ಸಪ್ಲೈ ಅಥವಾ ವೈರಿಂಗ್ ನೋಡಬೇಕು. ಕತ್ತಲಲ್ಲೂ ಅಪರೂಪಕ್ಕೊಮ್ಮೆ ಒಂದು ಚಿಟಿಕೆ ಮಿಂಚುತ್ತೆ, ಅದು ರಿಸೀವರ್‌ನ ಸ್ವಭಾವ, ಲೆಕ್ಕಕ್ಕಿಲ್ಲ.

ತರಂಗಾಂತರ · 9:05

ವೈರಿನ ಕಡೆಗೆ ನನ್ನ ಸಾಧನ ಇನ್ನೂ ಅಗ್ಗ: ಎಎಂ ಇರೋ ಪಾಕೆಟ್ ಟ್ರಾನ್ಸಿಸ್ಟರ್. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಅಡಾಪ್ಟರ್ ಹತ್ತಿರ ಒಂದಡಿಗೆ ತನ್ನಿ. ಒಳ್ಳೇ ಅಡಾಪ್ಟರ್ ಅರ್ಧ ಅಡಿಗೆ ಬಂದ ಮೇಲೆ ಗುಂಯ್ ಅನ್ನುತ್ತೆ. ಕಳಪೆಯದು ಕೋಣೆಯ ಆಚೆಯಿಂದಲೇ ಗರಗರ. ಎಕ್ಸ್‌ಟೆನ್ಷನ್ ಬೋರ್ಡಿನ ವೈರ್ ಉದ್ದಕ್ಕೂ ರೇಡಿಯೋ ಒಯ್ದರೆ ಕೊಳಕು ಎಲ್ಲಿವರೆಗೆ ಹರಿದಿದೆ ಅಂತ ಕೇಳಿಸುತ್ತೆ. ರೇಡಿಯೋವನ್ನ ಅಡ್ಡ ಉದ್ದ ತಿರುಗಿಸಿ ನೋಡಿ, ಒಳಗಿನ ಫೆರೈಟ್ ಕಡ್ಡಿ ಒಂದು ದಿಕ್ಕಿನಲ್ಲಿ ಹೆಚ್ಚು ಹಿಡಿಯುತ್ತೆ.

ಹುಬ್ಬಳ್ಳಿ ಸ್ಪೇರ್ಸ್ · 9:31

ಎಲ್ಲಾರೂ ದೀಪದ ಹಿಂದ ಬಿದ್ದೀರಿ, ರಿಮೋಟ್ ಒಮ್ಮೆ ನೋಡ್ರಿಪಾ. ಕ್ಯಾಮೆರಾದಾಗ ಲೈಟ್ ಕಂಡ್ರ ರಿಮೋಟ್ ಛಲೋ ಐತಿ ಅಂತ ಆಗೂದಿಲ್ರಿ. ಹಳೇ ರಿಮೋಟ್‌ನ್ಯಾಗ 455 ಕಿಲೋಹರ್ಟ್ಜ್ ಸೆರಾಮಿಕ್ ರೆಸೊನೇಟರ್ ಇರ್ತೈತಿ, ಎರಡು ಕಾಲಿಂದು, ಫ್ರೀಕ್ವೆನ್ಸಿ ಕೊಡೂದು ಅದ. ಅದನ್ನ 12ರಿಂದ ಭಾಗಿಸಿದ್ರ 37.9 ಬರ್ತೈತಿ, 38 ಅಂತ ಅನ್ನೂದು ಅದಕ್ಕ. ರಿಮೋಟ್ ನೆಲಕ್ಕ ಬಿದ್ದು ಅದು ಸೀಳಿತಂದ್ರ ಲೈಟ್ ಬರ್ತೈತಿ, ಫ್ರೀಕ್ವೆನ್ಸಿ ತಪ್ಪಿರ್ತೈತಿ. ಟಿವಿ ಹತ್ರ ಹೋದ್ರ ಕೇಳ್ತದ, ದೂರಿಂದ ಇಲ್ಲ. ಇಂಟರ್‌ಫಿಯರೆನ್ಸ್ ಇದ್ದಂಗ ಕಾಣ್ತೈತಿ, ಆದ್ರ ಅಲ್ಲ.

ತರಂಗಾಂತರ ಅವ್ರ ಎಎಂ ರೇಡಿಯೋ ಇದಕ್ಕೂ ನಡೀತೈತ್ರಿ. ರಿಮೋಟ್ ರೇಡಿಯೋಕ್ಕ ಹಚ್ಚಿ ಒತ್ರಿ, ಟರ್‌ಟರ್ ಅಂತ ಕೇಳಬೇಕು. 455 ಅನ್ನೂದು ರೇಡಿಯೋದ ಐಎಫ್ (ಒಳಗಿನ ನಡುವಿನ ಫ್ರೀಕ್ವೆನ್ಸಿ) ಸೈತ, ಅದಕ್ಕ ಛಲೋ ಹಿಡಿತೈತಿ. ಬಡದ್ರ ಒಮ್ಮೆ ಬಂದು ಒಮ್ಮೆ ನಿಂತ್ರ ರೆಸೊನೇಟರ್ ಬದಲ್ ಮಾಡ್ರಿ. ಹೊಸಾ ರಿಮೋಟ್‌ನ್ಯಾಗ ಇದು ಇರೂದಿಲ್ಲ, ಚಿಪ್‌ನ್ಯಾಗ ಎಲ್ಲಾ ಮುಗಿಸಿರ್ತಾರ.

ನಡುಮನೆ ಅವ್ರದು ಹಗಲೊತ್ತಿನ್ಯಾಗ ಸೋಫಾದಿಂದನ ನಡೀತೈತಿ ಅಂದ್ರ ಅವ್ರ ರಿಮೋಟ್ ಪಾಡ ಐತಿ. ಬ್ಯಾರೆದವ್ರಿಗೆ ಹೇಳಿದ್ದು.

ಪಡುಬಿದ್ರಿ ಸರ್ವಿಸ್ · 9:55

ಮಳೆಗೆ ವಾಲ್ಯೂಮ್ ಏರುವುದಕ್ಕೂ ರಿಮೋಟಿಗೂ ಸಂಬಂಧವೇ ಇಲ್ಲ ಮಾರಾಯ್ರೆ. ಕರಾವಳಿಯಲ್ಲಿ ಜೂನ್‌ನಿಂದ ಇದು ದಿನಾ ಬರುವ ಕೇಸ್.

ಟಿವಿ ಬದಿಯಲ್ಲೋ ಅಡಿಯಲ್ಲೋ ಇರುವ ಬಟನ್‌ಗಳು ಒಂದೊಂದಕ್ಕೆ ಒಂದೊಂದು ವೈರ್ ಇಟ್ಟುಕೊಂಡಿರುವುದಿಲ್ಲ. ಬಹಳ ಮಾಡೆಲ್‌ಗಳಲ್ಲಿ ಒಂದೇ ವೈರಿಗೆ ಬೇರೆ ಬೇರೆ ರೆಸಿಸ್ಟರ್ ಮೂಲಕ ಎಲ್ಲ ಬಟನ್ ಸೇರಿಸಿರುತ್ತಾರೆ, ಮೇನ್ ಬೋರ್ಡ್ ವೋಲ್ಟೇಜ್ ನೋಡಿ ಯಾವ ಬಟನ್ ಅಂತ ತಿಳಿಯುತ್ತದೆ. ತೇವಕ್ಕೆ ಬಟನ್ ಅಡಿಯ ಪುಟ್ಟ ಟ್ಯಾಕ್ಟ್ ಸ್ವಿಚ್ ಒಳಗೆ ಪಾಚಿ ಬಣ್ಣದ ಕಿಲುಬು ಹಿಡಿದರೆ ಸ್ವಿಚ್ ಪೂರ್ತಿ ತೆರೆಯುವುದಿಲ್ಲ, ಕೆಲವು ಕಿಲೋಓಮ್ ಲೀಕ್ ಉಳಿಯುತ್ತದೆ. ಬೋರ್ಡ್ ಅದನ್ನು ವಾಲ್ಯೂಮ್ ಅಂತಲೋ ಮೆನು ಅಂತಲೋ ಓದುತ್ತದೆ.

ಪರೀಕ್ಷೆ ಹೀಗೆ: ಸೆನ್ಸರ್ ಮೇಲೆ ಫಾಯಿಲ್ ತುಂಡು ಇಟ್ಟು ಟೇಪ್ ಹಚ್ಚಿ. ಬರೀ ಕಪ್ಪು ಪ್ಲಾಸ್ಟಿಕ್ ಸಾಕಾಗುವುದಿಲ್ಲ, ಕಣ್ಣಿಗೆ ಕಪ್ಪು ಕಂಡದ್ದರಲ್ಲಿ ಎಷ್ಟೋ ಇನ್‌ಫ್ರಾರೆಡ್‌ಗೆ ಗಾಜಿನ ಹಾಗೆ. ಮುಚ್ಚಿದ ಮೇಲೂ ವಾಲ್ಯೂಮ್ ಏರಿದರೆ ಕೀ ಬೋರ್ಡೇ ಅಪರಾಧಿ. ಪ್ಲಗ್ ತೆಗೆದು ಹಿಂದಿನ ಕವಚ ಬಿಚ್ಚಿ ಆ ಬೋರ್ಡಿನ ಕನೆಕ್ಟರ್ ಎಳೆದಿಟ್ಟರೆ ಖಾತ್ರಿಯಾಗುತ್ತದೆ. ಆದರೆ ಸೆನ್ಸರ್ ಕೂಡ ಅದೇ ಬೋರ್ಡಿನಲ್ಲಿದ್ದರೆ ಎರಡೂ ಹೋಗುತ್ತವೆ, ಆಗ ಒಂದೊಂದೇ ಸ್ವಿಚ್‌ನ ಕಾಲು ಎತ್ತಿ ಮಲ್ಟಿಮೀಟರ್‌ನಲ್ಲಿ ನೋಡಬೇಕು. ಒತ್ತದೆ ಇದ್ದಾಗ 20 ಮೆಗಾಓಮ್ ರೇಂಜ್‌ನಲ್ಲೂ ಏನೂ ತೋರಿಸಬಾರದು. ತೋರಿಸಿದರೆ ಬದಲಿಸಿ. 6×6 ಮಿ.ಮೀ. ಸ್ವಿಚ್ ಸಾಮಾನ್ಯ, ಗುಂಡಿಯ ಎತ್ತರ ಅಳೆದು ತನ್ನಿ. ಸ್ಪ್ರೇ ಹೊಡೆದು ಬಿಡುವವರಿದ್ದಾರೆ, ಮುಂದಿನ ಮಳೆಗೆ ಅದೇ ಟಿವಿ ವಾಪಸ್ ಬರ್ತದೆ.

ಸೊನ್ನೆಒಂದು · ಭಾನುವಾರ ಬೆಳಗ್ಗೆ 8:10

ಸ್ಟಿಕ್ ಬಗ್ಗೆ ಯಾರೂ ಮುಟ್ಟಿಲ್ಲ. ಈ ಎಳೆಯಲ್ಲಿ ನಿಜವಾದ ರೇಡಿಯೋ ತೊಂದರೆ ಅಂದರೆ ಅದೊಂದೇ.

ಬ್ಲೂಟೂತ್ ಲೋ ಎನರ್ಜಿ 2402ರಿಂದ 2480 ಮೆಗಾಹರ್ಟ್ಜ್‌ವರೆಗೆ 40 ಚಾನೆಲ್ ಬಳಸುತ್ತೆ. ಮಾತುಕತೆಗೆ 37, ಕರೆಯೋಕೆ ಮೂರು. ಮಾತುಕತೆಯ ಚಾನೆಲ್‌ಗಳಲ್ಲಿ ಗದ್ದಲ ಇದ್ದದ್ದನ್ನ ಬಿಟ್ಟು ಉಳಿದದ್ದರಲ್ಲಿ ಹಾರಿಕೊಂಡು ಹೋಗುತ್ತೆ, ಅಷ್ಟು ಜಾಣತನ ಅದಕ್ಕಿದೆ. ಕರೆಯೋ ಮೂರು ಮಾತ್ರ ಬದಲಾಗಲ್ಲ: 2402, 2426, 2480. ರಿಮೋಟ್ ನಿದ್ದೆಯಿಂದ ಎದ್ದು ಸ್ಟಿಕ್ ಹುಡುಕೋದು ಈ ಮೂರರಲ್ಲೇ.

ಈಗ ವೈಫೈ ನಕ್ಷೆ ನೋಡಿ. ಚಾನೆಲ್ 1, 6, 11ರ ನಡು 2412, 2437, 2462. ಒಂದೊಂದು ಸುಮಾರು 20 ಮೆಗಾಹರ್ಟ್ಜ್ ಅಗಲ. ಆ ಮೂರು ಕರೆ ಚಾನೆಲ್‌ಗಳು ಸರಿಯಾಗಿ ಇವುಗಳ ಸಂದಿಯಲ್ಲಿ ಮತ್ತು ಆಚೀಚೆ ಅಂಚಿನಲ್ಲಿ ಕೂರುತ್ತವೆ, ಬೇಕಂತಲೇ ಹಾಗಿಟ್ಟಿರೋದು. ರೌಟರನ್ನ ಚಾನೆಲ್ 3ಕ್ಕೋ 4ಕ್ಕೋ ಇಟ್ಟರೆ 2426ರ ತಲೆಮೇಲೆ ಕೂತ ಹಾಗೆ. 13ಕ್ಕೆ ಇಟ್ಟರೆ 2480 ಹೋಯ್ತು. 40 ಮೆಗಾಹರ್ಟ್ಜ್ ಅಗಲ ಇಟ್ಟರೆ ಅರ್ಧ ಬ್ಯಾಂಡೇ ನಿಮ್ಮ ರೌಟರ್ ಪಾಲು, ಉಳಿದರ್ಧ ಪಕ್ಕದ ಮನೆಯವರದು.

ಹಾಗಾಗಿ ಈ ಕ್ರಮದಲ್ಲಿ ಮಾಡಿ. ರೌಟರ್ ಸೆಟ್ಟಿಂಗ್‌ನಲ್ಲಿ 2.4ರ ಅಗಲ 20 ಮೆಗಾಹರ್ಟ್ಜ್, ಚಾನೆಲ್ 1, 6, 11ರಲ್ಲಿ ನೆರೆಹೊರೆ ಕಡಿಮೆ ಇರೋದು, ಆಟೋ ಬೇಡ. ಸ್ಟಿಕ್ಕನ್ನ 5 ಗಿಗಾಹರ್ಟ್ಜ್ ವೈಫೈಗೆ ಸೇರಿಸಿ, ಎರಡು ಬ್ಯಾಂಡಿಗೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರಿಡಿ, ಇಲ್ಲದಿದ್ದರೆ ಸ್ಟಿಕ್ ತನಗೆ ತೋಚಿದ್ದಕ್ಕೆ ಜೋತುಬೀಳುತ್ತೆ. ಎಷ್ಟೋ ಸ್ಟಿಕ್‌ಗಳಲ್ಲಿ ವೈಫೈಗೂ ಬ್ಲೂಟೂತ್‌ಗೂ ಒಂದೇ ಚಿಪ್, 2.4ರಲ್ಲಿ ಸಿನಿಮಾ ಇಳಿಸುತ್ತಿರುವಾಗ ರಿಮೋಟ್‌ಗೆ ಸರದಿ ಸಿಗೋದೇ ತಡ. ನೀವು ಹೇಳಿದ "ಒಟ್ಟಿಗೆ ಓಡುತ್ತೆ" ಅನ್ನೋದು ಇದರ ಗುರುತು.

ಸ್ಟಿಕ್ ಜೊತೆ ಬಂದ ಗೇಣುದ್ದದ ಎಚ್‌ಡಿಎಂಐ ತುಂಡು ಕೇಬಲ್ ಡಬ್ಬದಲ್ಲೇ ಉಳಿದಿದ್ದರೆ ತೆಗೆದು ಹಾಕಿ. ಟಿವಿಯ ಹಿಂಬದಿ ಲೋಹದ ತಗಡು, ಸ್ಟಿಕ್ ಅದಕ್ಕೆ ಅಂಟಿಕೊಂಡಿದ್ದರೆ ಆಂಟೆನಾ ಅರ್ಧ ಕುರುಡು. ತುಂಡು ಕೇಬಲ್‌ನಲ್ಲಿ ಟಿವಿ ಅಂಚಿನ ಕಡೆಗೆ ಇಳಿಬಿಟ್ಟರೆ ಸಾಕು. ಇದೇ ಕಾರಣಕ್ಕೆ ಟಿವಿ ಹಿಂದೆ ಫಾಯಿಲ್ ಅಂಟಿಸೋ ಸಲಹೆ ತಲೆಕೆಳಗು, ಇರೋ ಸಿಗ್ನಲ್ಲೂ ಹೋಗುತ್ತೆ. ರೌಟರ್ ಒಂದು ಮೀಟರ್‌ಗಿಂತ ಹೆಚ್ಚು ದೂರ.

ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಏನಾದರೂ ಅಲ್ಲಿ ಸಿಕ್ಕಿಸಿದೀರಾ?

ನಡುಮನೆ · 8:44

ಹೌದು, ಡಿಟಿಎಚ್ ಬಾಕ್ಸ್‌ಗೆ ರೆಕಾರ್ಡಿಂಗ್‌ಗೆ ಅಂತ. ನೀಲಿ ಪೋರ್ಟ್. ಡಿಸ್ಕ್ ಇರೋದು ಸ್ಟಿಕ್ ಕೆಳಗೇ.

ಸೊನ್ನೆಒಂದು · 9:02

ಅಲ್ಲಿದೆ ನೋಡಿ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ಓಡುವಾಗ ಅದರ ಗದ್ದಲ 2.4ರಿಂದ 2.5 ಗಿಗಾಹರ್ಟ್ಜ್‌ವರೆಗೂ ಹರಡುತ್ತೆ. ಇಂಟೆಲ್ 2012ರಲ್ಲೇ ಇದನ್ನ ಅಳೆದು ಪ್ರಕಟಿಸಿದೆ. ಸೋರೋದು ಮುಖ್ಯವಾಗಿ ಕನೆಕ್ಟರ್, ಕೇಬಲ್ ಮತ್ತು ಡಿಸ್ಕಿನ ಕವಚದಿಂದ. ಇದು ಇಡೀ ಬ್ಯಾಂಡಿನ ಮೇಲೆ ಹಾಸಿಕೊಳ್ಳೋ ಗದ್ದಲ, ಬ್ಲೂಟೂತ್ ಹಾರಿ ತಪ್ಪಿಸಿಕೊಳ್ಳೋಕೆ ಖಾಲಿ ಜಾಗವೇ ಇರಲ್ಲ.

ಬಾಕ್ಸ್‌ನಲ್ಲಿ ಕಪ್ಪು ಅಥವಾ ಬಿಳಿ ಯುಎಸ್‌ಬಿ 2.0 ಪೋರ್ಟ್ ಇದ್ದರೆ ಅದಕ್ಕೆ ಹಾಕಿ. ಎಚ್‌ಡಿ ಚಾನೆಲ್ ರೆಕಾರ್ಡಿಂಗ್‌ಗೆ 2.0ರ ವೇಗ ಧಾರಾಳ. ಇಲ್ಲದಿದ್ದರೆ ಡಿಸ್ಕನ್ನ ಶೀಲ್ಡ್ ಇರೋ ಕೇಬಲ್‌ನಲ್ಲಿ ಒಂದು ಮೀಟರ್ ಆಚೆ ಇಡಿ. ಡಿಸ್ಕ್ ಕಿತ್ತು ರಿಮೋಟ್ ಒತ್ತಿ ನೋಡಿದರೆ ಫಲಿತಾಂಶ ತಕ್ಷಣ ಗೊತ್ತಾಗುತ್ತೆ.

ಸ್ಟಿಕ್‌ಗೆ ಕರೆಂಟ್ ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. 2.0 ಪೋರ್ಟ್‌ನ ಮಾಮೂಲಿ ಮಿತಿ 500 ಮಿಲಿಆಂಪಿಯರ್. ಸಾಲದೆ ಸ್ಟಿಕ್ ತಡವರಿಸಿದರೆ ಅದೂ ರಿಮೋಟ್ ತೊಂದರೆ ಹಾಗೇ ಕಾಣುತ್ತೆ.

ಮೂರನೇ ಮಹಡಿ · 10:20

ಇದೇ ಎಳೆಯಲ್ಲಿ ಕೇಳ್ತೀನಿ, ಕ್ಷಮೆ ಇರಲಿ. ಹಾಲ್‌ನ ಬಾಕ್ಸನ್ನ ಬೆಡ್‌ರೂಮಿಂದ ನಡೆಸೋಕೆ ಪಿರಮಿಡ್ ಆಕಾರದ ರಿಮೋಟ್ ಎಕ್ಸ್‌ಟೆಂಡರ್ ಜೋಡಿ ಇದೆ. ಅದನ್ನ ಆನ್ ಮಾಡಿದಾಗಿಂದ ಹಾಲ್‌ನಲ್ಲಿ ನೇರವಾಗಿ ರಿಮೋಟ್ ಹಿಡಿದರೂ ಬಾಕ್ಸ್ ಸರಿಯಾಗಿ ಕೇಳ್ತಿಲ್ಲ.

ತರಂಗಾಂತರ · 10:48

ಆ ಜೋಡಿಗಳು ಹೆಚ್ಚಾಗಿ 433 ಮೆಗಾಹರ್ಟ್ಜ್‌ನವು. ಬೆಡ್‌ರೂಮಿನದು ಇನ್‌ಫ್ರಾರೆಡ್ ಹಿಡಿದು ರೇಡಿಯೋ ಮಾಡಿ ಕಳಿಸುತ್ತೆ, ಹಾಲ್‌ನದು ರೇಡಿಯೋ ಹಿಡಿದು ಮತ್ತೆ ಇನ್‌ಫ್ರಾರೆಡ್ ಮಿನುಗಿಸುತ್ತೆ. ಒಳಗಿರೋದು ತೀರಾ ಸಾದಾ ರಿಸೀವರ್, ಸಿಗ್ನಲ್ ಇಲ್ಲದಾಗ ತನ್ನ ಗೇನ್ (ಸಿಗ್ನಲ್ ಹಿಗ್ಗಿಸೋ ಪ್ರಮಾಣ) ಏರಿಸಿಕೊಂಡು ಕಸವನ್ನೇ ಸಿಗ್ನಲ್ ಅಂತ ಹಿಡಿಯುತ್ತೆ. ಆಗ ಹಾಲ್‌ನ ಪಿರಮಿಡ್ ಬಿಡುವಿಲ್ಲದೆ ಮಿನುಗಿ ನಿಮ್ಮ ನೇರ ರಿಮೋಟನ್ನೂ ಮುಳುಗಿಸುತ್ತೆ. ಸೆಲ್ಫಿ ಕ್ಯಾಮೆರಾದಲ್ಲಿ ಪಿರಮಿಡ್ ನೋಡಿ, ಯಾರೂ ಒತ್ತದೆ ಮಿನುಗುತ್ತಿದ್ದರೆ ಇದೇ.

ಮೊದಲು ಯಾವ ತುದಿ ಅಂತ ನೋಡಿ. ಬೆಡ್‌ರೂಮಿನದನ್ನ ಆಫ್ ಮಾಡಿದಾಗ ಮಿನುಗು ನಿಂತರೆ ಅಲ್ಲಿ ಬಿಸಿಲೋ ಸಿಎಫ್‌ಎಲ್ಲೋ ಅದರ ಕಣ್ಣಿಗೆ ಬೀಳುತ್ತಿದೆ, ಜಾಗ ಬದಲಿಸಿ. ನಿಲ್ಲದಿದ್ದರೆ ಹಾಲ್‌ನದು ಗಾಳಿಯ ಗದ್ದಲ ಹಿಡಿಯುತ್ತಿದೆ, ಅಡಾಪ್ಟರ್‌ಗಳಿಂದ ದೂರ ಇಡಿ, ಆಂಟೆನಾ ಪೂರ್ತಿ ಎಳೆಯದೆ ಕೆಲಸ ನಡೆಯುವಷ್ಟು ಮಾತ್ರ ಎಳೆಯಿರಿ. ವೈರ್‌ಲೆಸ್ ಕಾಲಿಂಗ್ ಬೆಲ್, ಗೇಟ್ ರಿಮೋಟ್ ಕೂಡ ಎಷ್ಟೋ ಸಲ ಇದೇ ಫ್ರೀಕ್ವೆನ್ಸಿ, ಈ ಪಿರಮಿಡ್ ಕಸ ಚೆಲ್ಲಿದರೆ ಅವೂ ಸತಾಯಿಸುತ್ತವೆ. ಎರಡು ಕೋಣೆಗೂ ವೈರ್ ಎಳೆಯೋಕೆ ಸಾಧ್ಯವಿದ್ದರೆ ವೈರ್ ಇರೋ ಎಕ್ಸ್‌ಟೆಂಡರೇ ಒಳ್ಳೇದು, ನನ್ನ ಮತ ಅದಕ್ಕೇ.

ನಡುಮನೆ · ಸೋಮವಾರ ರಾತ್ರಿ 9:15

ಬೆಸುಗೆಕಡ್ಡಿ ಅವರ ಸಾಧನ ಕಟ್ಟಿ ನೋಡಿದ್ದಾಯ್ತು. ಸಿಎಫ್‌ಎಲ್ ಹಾಕಿದ ತಕ್ಷಣ ಎಲ್‌ಇಡಿ ಜೋರಾಗಿ ಮಿನುಗುತ್ತೆ, ಆಮೇಲೆ ಮೆಲ್ಲಗೆ ಕಮ್ಮಿಯಾಗುತ್ತೆ. ಬರೀ ಸ್ಟ್ರಿಪ್ ಹಾಕಿದರೆ ಸಾಧನ ತೆಪ್ಪಗಿರುತ್ತೆ, ಆದರೆ ಟಿವಿ ರಿಮೋಟ್‌ನ ದೂರ ಆಗಲೂ ಅರ್ಧಕ್ಕೆ ಇಳಿಯುತ್ತೆ. ಎಎಂ ರೇಡಿಯೋ ಸ್ಟ್ರಿಪ್ ಅಡಾಪ್ಟರ್ ಹತ್ತಿರ ಹೋಗೋ ಮೊದಲೇ ಗರಗರ ಅನ್ನುತ್ತೆ. ಯುಎಸ್‌ಬಿ ಡಿಸ್ಕ್ ಕಿತ್ತಾಗ ಸ್ಟಿಕ್ ರಿಮೋಟ್ ನೆಟ್ಟಗಾಯ್ತು. ಫಾಯಿಲ್ ಮುಚ್ಚಿದರೂ ವಾಲ್ಯೂಮ್ ಏರುತ್ತೆ, ಅಂದರೆ ಸ್ವಿಚ್ಚೇ.

ಸಿಎಫ್‌ಎಲ್ ತೆಗೆದು ಎಲ್‌ಇಡಿ ಬಲ್ಬ್ ಹಾಕ್ತೀನಿ. ಸ್ಟ್ರಿಪ್‌ಗೆ ಏನು ಮಾಡಲಿ? ಹಳೇ ಫೋಟೋ ನೆಗೆಟಿವ್ ಸೆನ್ಸರ್ ಮುಂದೆ ಇಟ್ಟರೆ ಬೇರೆ ಬೆಳಕು ತಡೆಯುತ್ತೆ ಅಂತಾರೆ.

ಬೆಸುಗೆಕಡ್ಡಿ · 9:33

ನೆಗೆಟಿವ್ ಬೇಡ. ಅದು ಕಣ್ಣಿಗೆ ಕಾಣೋ ಬೆಳಕನ್ನ ತಡೆಯುತ್ತೆ, ರಿಸೀವರ್‌ನ ಕಪ್ಪು ಮೈ ಆ ಕೆಲಸ ಆಗಲೇ ಮಾಡ್ತಿದೆ. ಸಿಎಫ್‌ಎಲ್‌ನ ತೊಂದರೆ ಇರೋದು ಇನ್‌ಫ್ರಾರೆಡ್‌ನಲ್ಲೇ, ಅದು ನೆಗೆಟಿವ್ ದಾಟಿ ಒಳಗೆ ಬರುತ್ತೆ. ದೀಪ ತೆಗೆಯೋಕಾಗದ ಮನೆಗಳಲ್ಲಿ ಸೆನ್ಸರ್ ಮೇಲ್ಗಡೆ ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ಚಾಚಿದ ಸಣ್ಣ ಸೂರು ಮಾಡಿ, ಕಪ್ಪು ಚಾರ್ಟ್ ಪೇಪರ್, ಹೊರಮೈಗೆ ಫಾಯಿಲ್ ಟೇಪ್. ಮೇಲಿನ ದೀಪ ಮರೆಯಾಗಬೇಕು, ಸೋಫಾ ಕಾಣಬೇಕು. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲಿಗೂ ಇದೇ ಮದ್ದು.

ತರಂಗಾಂತರ · 9:52

ಸ್ಟ್ರಿಪ್: ಮೊದಲು ಖರ್ಚಿಲ್ಲದ್ದು. ಅಡಾಪ್ಟರನ್ನ ಟಿವಿಯ ಬೋರ್ಡಿನಿಂದ ಕಿತ್ತು ಬೇರೆ ಗೋಡೆ ಪ್ಲಗ್‌ಗೆ ಹಾಕಿ. ಅಡಾಪ್ಟರ್‌ನಿಂದ ಸ್ಟ್ರಿಪ್‌ವರೆಗಿನ ಎರಡು ವೈರ್ ಜಡೆ ಹಾಗೆ ಹೊಸೆಯಿರಿ, ಬಿಡಿಬಿಡಿಯಾಗಿದ್ದರೆ ಅದೇ ಆಂಟೆನಾ. ಸ್ಟ್ರಿಪ್‌ನ ಆರಂಭದಲ್ಲಿ 12 ವೋಲ್ಟ್‌ಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪ್ಯಾಸಿಟರ್, ಜೊತೆಗೆ 0.1 ಸೆರಾಮಿಕ್. ಡಿಮ್ಮರ್ ಇದ್ದರೆ ಕೆಪ್ಯಾಸಿಟರ್ ಡಿಮ್ಮರ್‌ಗಿಂತ ಮೊದಲು, ಅಡಾಪ್ಟರ್ ಕಡೆ. ಡಿಮ್ಮರ್ ಆಚೆ ಹಾಕಿದರೆ ಅದರೊಳಗಿನ ಟ್ರಾನ್ಸಿಸ್ಟರ್ ಪ್ರತಿ ಮಿನುಗಿಗೂ ಕೆಪ್ಯಾಸಿಟರ್ ತುಂಬಬೇಕಾಗಿ ಬಿಸಿಯಾಗಿ ಸಾಯುತ್ತೆ.

ಇನ್ನು ನೀವು ಮೊದಲೇ ಕೇಳಿದ ಫೆರೈಟ್. ಉಂಗುರಕ್ಕೆ ವೈರ್ ಒಂದು ಸಲ ತೂರಿಸಿ ಬಿಟ್ಟರೆ ಅದು ಮೆಗಾಹರ್ಟ್ಜ್‌ಗಳಲ್ಲಿ ಒಂದಿಷ್ಟು ತಡೆಯುತ್ತೆ, ಅಡಾಪ್ಟರ್‌ನ ಮೂಲ ಸ್ವಿಚಿಂಗ್ ಇರೋ ಕಿಲೋಹರ್ಟ್ಜ್‌ಗಳಲ್ಲಿ ಇದ್ದೂ ಇಲ್ಲದ ಹಾಗೆ. ಸುತ್ತು ಹೆಚ್ಚಾದಂತೆ ತಡೆ ವರ್ಗದ ಲೆಕ್ಕದಲ್ಲಿ ಏರುತ್ತೆ, ಮೂರು ಸುತ್ತಿಗೆ ಒಂಬತ್ತು ಪಟ್ಟು. ಹಾಗಾಗಿ ದೊಡ್ಡ ತೂತಿನ ಉಂಗುರ ತಂದು ಎರಡೂ ವೈರ್ ಜೋಡಿಯಾಗಿ ಏಳೆಂಟು ಸುತ್ತು ಹಾಕಿ. ಅಂಗಡಿಯಲ್ಲಿ ಮಿಕ್ಸ್ (ಫೆರೈಟ್‌ನ ಬಗೆ) ಕೇಳಿದರೆ 31 ಅನ್ನಿ, ಕೆಳಗಿನ ಫ್ರೀಕ್ವೆನ್ಸಿಗೆ ಅದು 43ಕ್ಕಿಂತ ವಾಸಿ. ಇಷ್ಟಾದ ಮೇಲೂ ರೇಡಿಯೋ ಗರಗರ ನಿಲ್ಲದಿದ್ದರೆ ಆ ಅಡಾಪ್ಟರ್ ಎಸೆದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇರೋದು ತನ್ನಿ. ಕಳಪೆ ಅಡಾಪ್ಟರ್‌ಗಳಲ್ಲಿ ಇನ್‌ಪುಟ್ ಫಿಲ್ಟರ್ ಜಾಗದಲ್ಲಿ ಬರೀ ಜಂಪರ್ ವೈರ್ ಹಾಕಿರ್ತಾರೆ. ಮೇನ್ಸ್ ಕಡೆ ನೀವೇ ಕೆಪ್ಯಾಸಿಟರ್ ಸೇರಿಸೋಕೆ ಹೋಗಬೇಡಿ.

ಟವರ್ ಬಗ್ಗೆಯೂ ಹೇಳಿಬಿಡ್ತೀನಿ. ಇನ್‌ಫ್ರಾರೆಡ್ ರಿಮೋಟ್‌ಗೆ ಅದರಿಂದ ತೊಂದರೆಯಿಲ್ಲ. ಸೆನ್ಸರ್‌ಗೆ ಅಂಟಿಸಿದ ಹಾಗೆ ಇಟ್ಟ 2ಜಿ ಫೋನ್ ಮಾತ್ರ ಕರೆ ಬರುವಾಗ ಕಾಡಬಹುದು, ಅದು ಸೆಕೆಂಡಿಗೆ 217 ಸಲ ಕಂತು ಕಂತಾಗಿ ಪ್ರಸಾರ ಮಾಡುತ್ತೆ. ಹಳೇ ಸ್ಪೀಕರ್‌ನಲ್ಲಿ ಕೇಳೋ ಟಿರಿಟಿರಿ ಅದೇ.

ಬೆಸುಗೆಕಡ್ಡಿ · 10:15

ಹೊರಗಿನದೆಲ್ಲ ಮಾಡಿಯೂ ದೂರ ಕಮ್ಮಿ ಅನ್ನಿಸಿದರೆ, ಸ್ವಿಚ್ ಬದಲಿಸೋಕೆ ಹೇಗಿದ್ದರೂ ಟಿವಿ ಬಿಚ್ಚುತ್ತೀರಲ್ಲ, ಆಗಲೇ ಸೆನ್ಸರ್ ಬೋರ್ಡಿನದೂ ಮುಗಿಸಿ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಪವರ್ ಬೋರ್ಡಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ದಾಟಿ ಇರುತ್ತೆ, ಮೀಟರ್‌ನಲ್ಲಿ ನೋಡದೆ ಆ ಕಡೆ ಕೈ ಬೇಡ. ಸೆನ್ಸರ್ ಬೋರ್ಡ್ 3.3 ಅಥವಾ 5 ವೋಲ್ಟ್‌ನದು.

ಸೆನ್ಸರ್‌ನ ಪ್ಲಸ್ ಕಾಲಿಗೆ ಬರೋ ದಾರಿಯಲ್ಲಿ ರೆಸಿಸ್ಟರ್ ಇದೆಯಾ ನೋಡಿ. ಸೊನ್ನೆ ಓಮ್ ಇದ್ದರೆ ಅಥವಾ ನೇರ ಇದ್ದರೆ ಅಲ್ಲಿ 100 ಓಮ್ ಹಾಕಿ, ಪ್ಲಸ್ ಮತ್ತು ಗ್ರೌಂಡ್ ಅಡ್ಡ 10 ಮೈಕ್ರೋಫ್ಯಾರಡ್ ಜೊತೆಗೆ 0.1. ರಿಸೀವರ್ ಎಳೆಯೋದು ಅರ್ಧ ಮಿಲಿಆಂಪಿಯರ್ ಆಸುಪಾಸು, ಹಾಗಾಗಿ 100 ಓಮ್‌ನಲ್ಲಿ ಬೀಳೋದು 0.05 ವೋಲ್ಟ್, ಚಿಂತೆಯಿಲ್ಲ. ಅಲ್ಲಿ ಮೊದಲೇ 47 ಮೈಕ್ರೋಫ್ಯಾರಡ್‌ನ ಹಳೇ ಎಲೆಕ್ಟ್ರೋಲೈಟಿಕ್ ಇದ್ದರೆ ಕಣ್ಣುಮುಚ್ಚಿ ಬದಲಿಸಿ, 105 ಡಿಗ್ರಿಯದು. ಒಣಗಿದ ಆ ಒಂದು ಕೆಪ್ಯಾಸಿಟರ್ ಸಾಕು ಟಿವಿ ಕಿವುಡಾಗೋಕೆ. ಔಟ್‌ಪುಟ್ ವೈರ್ ಉದ್ದ ಇದ್ದರೆ ಮೇನ್ ಬೋರ್ಡ್ ತುದಿಯಲ್ಲಿ ಅದಕ್ಕೂ ಗ್ರೌಂಡ್‌ಗೂ 1 ನ್ಯಾನೋಫ್ಯಾರಡ್, ಮೇಲೆ 102 ಅಂತಿರುತ್ತೆ. ಅದಕ್ಕಿಂತ ದೊಡ್ಡದು ಹಾಕಿದರೆ ಕೋಡಿನ ಅಂಚುಗಳೇ ಸವೆದುಹೋಗುತ್ತವೆ. ಎನ್‌ಇಸಿ ಅನ್ನೋ ರಿಮೋಟ್ ಕೋಡಿನ ಒಂದು ಗೊಂಚಲು ಬರೀ 562 ಮೈಕ್ರೋಸೆಕೆಂಡ್.

ನಡುಮನೆ · 10:31

ರಿಸೀವರನ್ನೇ ಬದಲಿಸೋದಾದರೆ? ಇಲ್ಲಿ ಅಂಗಡಿಯಲ್ಲಿ ಟಿಎಸ್‌ಒಪಿ 1738 ಇದೆ ಅಂದರು.

ಹುಬ್ಬಳ್ಳಿ ಸ್ಪೇರ್ಸ್ · 10:44

ತಡೀರಿ. 1738ಕ್ಕ 4.5ರಿಂದ 5.5 ವೋಲ್ಟ್ ಬೇಕ್ರಿ, ನಿಮ್ಮ ಬೋರ್ಡ್ 3.3 ಇದ್ರ ಅದು ಏಳೂದ ಇಲ್ಲ. ಮ್ಯಾಲೆ ಕಾಲಿನ ಸಾಲೂ ಬ್ಯಾರೆ: 1738ರಾಗ ಗ್ರೌಂಡ್, ಪ್ಲಸ್, ಔಟ್. 38238ರಾಗ ಔಟ್, ಗ್ರೌಂಡ್, ಪ್ಲಸ್. ನೋಡದ ಹಾಕಿದ್ರ ಹೊಸಾದೂ ಹೊಗಿ ಆಗ್ತೈತಿ. ಹಳೇದರ ಪ್ಲಸ್ ಯಾವುದು, ಗ್ರೌಂಡ್ ಯಾವುದು ಅಂತ ಮೀಟರ್ ಹಚ್ಚಿ ಬರದಿಟ್ಕೊಳ್ರಿ, ಆಮ್ಯಾಲೆ ಬಿಚ್ರಿ.

ಬೆಸುಗೆಕಡ್ಡಿ · 10:58

ಗದ್ದಲದ ಕೋಣೆಗೆ 38238ಕ್ಕಿಂತ 38438 ಕೇಳಿ ತನ್ನಿ, ಕಾಲು ಅದೇ ಸಾಲು. ಒಳಗಿನ ಗೇನ್ ನಿಯಂತ್ರಣ ಬೇರೆ, ದೀಪದ ಗದ್ದಲವನ್ನ ಇದು ಹೆಚ್ಚು ಗಟ್ಟಿಯಾಗಿ ಒತ್ತುತ್ತೆ. ಕೊನೆಯ ಎರಡಂಕೆ ಫ್ರೀಕ್ವೆನ್ಸಿ, ನಿಮ್ಮ ರಿಮೋಟ್ 36ರದ್ದಾಗಿದ್ದರೆ 38436 ಬೇಕು. ಬೆಂಗಳೂರಿಗೆ ಹೋಗೋರು ಯಾರಾದರೂ ಇದ್ದರೆ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಲಿ.

ಬೆಸುಗೆ ಹಾಕುವಾಗ ಕಡ್ಡಿಯ ತುದಿ ಮೈಯಿಂದ ಒಂದು ಮಿಲಿಮೀಟರ್‌ಗಿಂತ ಹತ್ತಿರ ತರಬೇಡಿ, ಒಂದು ಕಾಲಿಗೆ ಎರಡು ಮೂರು ಸೆಕೆಂಡ್ ಸಾಕು. ಉಬ್ಬು ಕಿಟಕಿಯ ಪ್ಲಾಸ್ಟಿಕ್‌ಗೆ ನೇರ ಎದುರು ಬರಬೇಕು. ಎರಡು ಮಿಲಿಮೀಟರ್ ಕೆಳಗೆ ಕೂತರೆ ಸೋಫಾದಿಂದ ಕೇಳುತ್ತೆ, ಊಟದ ಮೇಜಿನಿಂದ ಕೇಳಲ್ಲ. ಹಿಂದಿನ ಕವಚ ಮುಚ್ಚೋ ಮೊದಲು ಎರಡೂ ಜಾಗದಿಂದ ಒತ್ತಿ ನೋಡಿಕೊಳ್ಳಿ, ಪವರ್ ಬೋರ್ಡಿಗೆ ಮಾತ್ರ ಯಾರೂ ಕೈ ಹಾಕದ ಹಾಗೆ.